ಗೊರಸು, ಹಲ್ಲು, ಬೂದಿ: ಬ್ಯಾಡ್‌ಲ್ಯಾಂಡ್ಸ್‌ನಿಂದ ಲಿಂಕನ್‌ವರೆಗೆ ಏಳು ದಿನ

ಒಂಟೆ ಎಂದೊಡನೆ ಮರಳುಗಾಡು ನೆನಪಾಗುತ್ತದೆ, ಖಡ್ಗಮೃಗ ಎಂದೊಡನೆ ಆಫ್ರಿಕಾ ಮತ್ತು ಏಷ್ಯಾ. ಆದರೆ ಒಂಟೆಯ ವಂಶ ಹುಟ್ಟಿದ್ದೇ ಉತ್ತರ ಅಮೆರಿಕದಲ್ಲಿ. ಕುದುರೆಯ ವಂಶ ಬಹುಪಾಲು ಬೆಳೆದದ್ದೂ ಅಲ್ಲೇ. ಖಡ್ಗಮೃಗಗಳು ಅಲ್ಲಿ ಮೂರು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬಾಳಿ ಆಮೇಲೆ ಅಳಿದವು. ಇದನ್ನು ಓದುವುದೇ ಬೇರೆ, ಸತ್ತ ಜಾಗದಲ್ಲೇ ಬಿದ್ದಿರುವ ಮೂಳೆಗಳ ಮುಂದೆ ನಿಂತು ನೋಡುವುದೇ ಬೇರೆ. ಸೌತ್ ಡಕೋಟದ ರ‍್ಯಾಪಿಡ್ ಸಿಟಿಯಿಂದ ನೆಬ್ರಾಸ್ಕದ ರಾಜಧಾನಿ ಲಿಂಕನ್‌ವರೆಗಿನ ಸುಮಾರು 1,400 ಕಿ.ಮೀ. ದಾರಿಯಲ್ಲಿ ಈ ಮೂರೂ ವಂಶಗಳನ್ನು ಹೆಜ್ಜೆಹೆಜ್ಜೆಗೂ ಕಾಣಬಹುದು. ಸಸ್ತನಿಗಳ ಹಳೆಯ ಕಾಲವನ್ನು ನೋಡಲು ಇದಕ್ಕಿಂತ ಒಳ್ಳೆಯ ರಸ್ತೆ ಪ್ರವಾಸ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಬೇಕು. ಆಶ್‌ಫಾಲ್ ಎಂಬ ಪಳೆಯುಳಿಕೆ ತಾಣ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಬ್ಯಾಡ್‌ಲ್ಯಾಂಡ್ಸ್‌ನ ಪಳೆಯುಳಿಕೆ ಲ್ಯಾಬ್ ಬೇಸಿಗೆಯಲ್ಲಷ್ಟೇ ತೆರೆದಿರುತ್ತದೆ. ಕಾರಿನಲ್ಲಿ ತಲೆಗೆ ದಿನಕ್ಕೆ 4 ಲೀಟರ್ ನೀರು ಇರಲಿ. ಜೇಬಿನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ, ಒಂದು ಪೆನ್ನು, ಸಣ್ಣ ನೋಟ್‌ಬುಕ್ ಇದ್ದರೆ ಸಾಕು. ಸುತ್ತಿಗೆ, ಉಳಿ ಬೇಡವೇ ಬೇಡ. ಈ ದಾರಿಯ ಯಾವ ಜಾಗದಲ್ಲೂ ಮೂಳೆ ಎತ್ತಿಕೊಳ್ಳಲು ಅನುಮತಿಯಿಲ್ಲ.

ಮೊದಲ ದಿನ: ಸಮುದ್ರದ ತಳದಿಂದ ಮೇಲಕ್ಕೆ

ರ‍್ಯಾಪಿಡ್ ಸಿಟಿಯಿಂದ ಹೆದ್ದಾರಿ 90ರಲ್ಲಿ ಪೂರ್ವಕ್ಕೆ ಸುಮಾರು 90 ಕಿ.ಮೀ. ಹೋದರೆ ವಾಲ್ ಎಂಬ ಊರು ಸಿಗುತ್ತದೆ. ಅಲ್ಲಿ ದಕ್ಷಿಣಕ್ಕೆ ತಿರುಗಿ ಪಿನಕಲ್ಸ್ ಗೇಟಿನಿಂದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಒಳಗೆ ಹೋಗಬೇಕು. ಪೂರ್ವದ ಗೇಟಿನಿಂದ ಬಂದು ಈ ಕಡೆ ಹೊರಬೀಳುವವರೂ ಇದ್ದಾರೆ. ನೋಟದ ಮಟ್ಟಿಗೆ ಎರಡೂ ಒಂದೇ. ಪದರಗಳನ್ನು ಓದುವವರಿಗೆ ಮಾತ್ರ ಪಶ್ಚಿಮದಿಂದ ಹೋಗುವುದೇ ಅನುಕೂಲ, ಏಕೆಂದರೆ ಗೇಟು ದಾಟಿದ ಸ್ವಲ್ಪ ಹೊತ್ತಿಗೇ ಹಳದಿ ದಿಬ್ಬಗಳು ಎದುರಾಗುತ್ತವೆ. ಅವೇ ಇಲ್ಲಿನ ತಳಪಾಯ.

ಆ ಹಳದಿ ಮಣ್ಣು ಒಂದು ಕಾಲದಲ್ಲಿ ಕಪ್ಪು ಕೆಸರು. ಏಳು ಕೋಟಿ ವರ್ಷಗಳ ಹಿಂದೆ ಅಮೆರಿಕದ ನಡುಭಾಗವನ್ನು ಮುಚ್ಚಿದ್ದ ಸಮುದ್ರದ ತಳದಲ್ಲಿ ಅದು ಕೂತಿತ್ತು. ಇದಕ್ಕೆ ಪಿಯರ್ ಶೇಲ್ ಎಂದು ಹೆಸರು; ಶೇಲ್ ಎಂದರೆ ಕೆಸರು ಗಟ್ಟಿಯಾಗಿ ಆದ ಪದರುಕಲ್ಲು. ಸಮುದ್ರ ಹಿಂದೆ ಸರಿದು ತಳ ಬಯಲಾದ ಮೇಲೆ ಅದರ ಮೇಲ್ಭಾಗ ಗಾಳಿ, ಮಳೆ, ಬೇರುಗಳಿಂದ ಮಾಗಿ ಹಳದಿ ಬಣ್ಣಕ್ಕೆ ತಿರುಗಿತು. ಅಂದರೆ ಇದು ಒಂದು ಹಳೆಯ ಮಣ್ಣು. ಡೈನೊಸಾರ್‌ಗಳ ಕಾಲ ಮುಗಿದ ಮೇಲಿನ ನೆಲ ಇಲ್ಲಿಂದ ಮೇಲಕ್ಕೆ ಶುರುವಾಗುತ್ತದೆ.

ಮುಂದಿನ 40 ಕಿ.ಮೀ. ರಸ್ತೆಯಲ್ಲಿ ಪದರ ಗುರುತಿಸಲು ಫಲಕಗಳನ್ನು ನಂಬಿ ಕೂರಬೇಕಿಲ್ಲ, ಗುಡ್ಡದ ಆಕಾರ ನೋಡಿದರೆ ಸಾಕು. ಬೂದು ಬಣ್ಣದ, ಆನೆಯ ಬೆನ್ನಿನಂಥ ಗುಂಡು ದಿಬ್ಬ ಕಂಡರೆ ಅದು ಚಾಡ್ರನ್ ಪದರ, 3.7ರಿಂದ 3.4 ಕೋಟಿ ವರ್ಷ ಹಳೆಯದು. ಅದರ ಜೇಡಿಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಒಣಗಿ, ಹುರಿದ ಜೋಳದಂತೆ ಅರಳಿ ಬಿರಿಯುತ್ತದೆ. ಆದ್ದರಿಂದ ಕಡಿದಾದ ಗೋಡೆಯಾಗಿ ನಿಲ್ಲಲು ಅದಕ್ಕೆ ಆಗುವುದಿಲ್ಲ. ಕೆಂಪು ಪಟ್ಟಿಗಳಿರುವ, ಚೂಪು ಅಂಚಿನ, ಕಡಿದಾದ ಗೋಡೆ ಕಂಡರೆ ಅದು ಬ್ರೂಲ್ ಪದರ, 3.4ರಿಂದ 3 ಕೋಟಿ ವರ್ಷದ್ದು. ಅದರ ಮೇಲ್ಗಡೆ ಬಿಳಿಚಿಕೊಂಡ ಒಂದು ದಪ್ಪ ಪಟ್ಟಿ ಓಡುತ್ತದೆ. ಅದು ರಾಕಿಫರ್ಡ್ ಬೂದಿ. ಪಶ್ಚಿಮದ ಜ್ವಾಲಾಮುಖಿಗಳಿಂದ ಹಾರಿ ಬಂದು 3 ಕೋಟಿ ವರ್ಷಗಳ ಹಿಂದೆ ಇಲ್ಲಿ ಕೂತದ್ದು.

ಈ ಎರಡು ಪದರಗಳ ಗಡಿಯನ್ನು ಒಮ್ಮೆ ಗಮನಿಸಿ ನೋಡಬೇಕು. ಗುಂಡು ದಿಬ್ಬಗಳ ಕಾಲದಲ್ಲಿ ಇಲ್ಲಿ ಕಾಡಿತ್ತು, ಮೊಸಳೆ ಜಾತಿಯ ಆಲಿಗೇಟರ್‌ಗಳಿದ್ದವು, ಭುಜದ ಮಟ್ಟಕ್ಕೆ ಎರಡೂವರೆ ಮೀಟರ್ ಎತ್ತರದ ಬ್ರಾಂಟೊಥೀರ್‌ಗಳಿದ್ದವು. ನೋಡಲು ಖಡ್ಗಮೃಗದಂತೆ, ಮೂಗಿನ ಮೇಲೆ ಕವೆಯಂತೆ ಸೀಳಿದ ಮೂಳೆಯ ಕೊಂಬು. ಮಳೆಗೆ ತೊಳೆದು ಹೊರಬಿದ್ದ ಈ ಭಾರೀ ಮೂಳೆಗಳನ್ನು ಇಲ್ಲಿನ ಮೂಲನಿವಾಸಿಗಳಾದ ಲಕೋಟ ಜನ ಗುಡುಗಿನ ಪ್ರಾಣಿಗಳೆಂದು ಬಲ್ಲವರಾಗಿದ್ದರು. 1873ರಲ್ಲಿ ಪಳೆಯುಳಿಕೆ ವಿಜ್ಞಾನಿ ಓಥ್ನೀಲ್ ಮಾರ್ಷ್ ಇಟ್ಟ ಬ್ರಾಂಟೊಥೀರಿಯಂ ಎಂಬ ಹೆಸರಿನ ಅರ್ಥವೂ ಗುಡುಗು ಮೃಗ. ಕೆಂಪು ಪಟ್ಟಿಗಳ ಬ್ರೂಲ್‌ಗೆ ಬರುವಷ್ಟರಲ್ಲಿ ಬ್ರಾಂಟೊಥೀರ್ ಒಂದೂ ಉಳಿದಿಲ್ಲ. ಅಂಟಾರ್ಕ್ಟಿಕಾದಲ್ಲಿ ಹಿಮದ ಹೊದಿಕೆ ಬೆಳೆದು ಇಡೀ ಭೂಮಿ ತಂಪಾದ ಕಾಲ ಅದು. ಇಲ್ಲಿ ಮಳೆ ಇಳಿಯಿತು, ಕಾಡು ಚದುರಿತು. ಎಳೆ ಎಲೆ ತಿನ್ನುವ ಮೆತ್ತನೆಯ ಹಲ್ಲಿನ ದೈತ್ಯನಿಗೆ ಮೇವು ಉಳಿಯಲಿಲ್ಲ.

ಸಂಜೆಯ ಇಳಿಬಿಸಿಲಿಗೆ ಪಳೆಯುಳಿಕೆ ಪ್ರದರ್ಶನ ದಾರಿಯಲ್ಲಿ ನಡೆಯಬಹುದು. ಸುಮಾರು 400 ಮೀಟರ್ ಉದ್ದದ ಹಲಗೆ ಹಾದಿ ಅದು. ಅಲ್ಲಿರುವುದು ಅಚ್ಚು ತೆಗೆದ ಪ್ರತಿಗಳು, ಮುಟ್ಟಿ ನೋಡಬಹುದು. ಈ ಕಾಲದ ಕುದುರೆ ಮೆಸೊಹಿಪ್ಪಸ್‌ನ ಪರಿಚಯ ಮಾಡಿಕೊಳ್ಳಲು ಇದು ಒಳ್ಳೆಯ ಸಮಯ. ಭುಜದವರೆಗೆ ಬರೀ 60 ಸೆಂ.ಮೀ., ಒಂದೊಂದು ಕಾಲಿಗೂ ಮೂರು ಬೆರಳು, ನಡುವಿನದು ತುಸು ದಪ್ಪ. ಹಲ್ಲು ಗಿಡ್ಡ. ಈ ಎರಡು ಅಂಗಗಳನ್ನು, ಅಂದರೆ ಬೆರಳು ಮತ್ತು ಹಲ್ಲಿನ ಎತ್ತರವನ್ನು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಮುಂದಿನ ದಿನಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ಎರಡನೇ ದಿನ: ಲ್ಯಾಬಿನ ಮೇಜು ಮತ್ತು ‘ಹಂದಿ ಗುಂಡಿ’

ಬೆನ್ ರೈಫಲ್ ಸಂದರ್ಶಕರ ಕೇಂದ್ರದೊಳಗಿನ ಲ್ಯಾಬಿಗೆ ಬೆಳಿಗ್ಗೆಯೇ ಹೋಗುವುದು ಮೇಲು. ಜನ ಕಡಿಮೆ ಇರುವಾಗ ಕೆಲಸ ಮಾಡುವವರ ಹತ್ತಿರ ನಿಂತು ಕೇಳಬಹುದು.

ಮೂಳೆಯೊಂದು ಗುಡ್ಡದಿಂದ ಮೇಜಿನವರೆಗೆ ಬರುವ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಮೂಳೆಯ ಸುತ್ತ ಮಣ್ಣನ್ನು ಕಾಲುವೆಯಂತೆ ತೋಡಿ, ಅದು ಒಂದು ಪೀಠದ ಮೇಲೆ ನಿಲ್ಲುವಂತೆ ಮಾಡುತ್ತಾರೆ. ಮೂಳೆಯ ಮೇಲೆ ಒದ್ದೆ ಕಾಗದವನ್ನು ಎರಡು ಮೂರು ಸುತ್ತು ಒತ್ತುತ್ತಾರೆ. ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಗೋಣಿಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹೊದಿಸುತ್ತಾರೆ. ಅದು ಗಟ್ಟಿಯಾದ ಮೇಲೆ ಪೀಠವನ್ನು ಕೆಳಗಿನಿಂದ ಕೊರೆದು ಇಡೀ ಗಂಟನ್ನು ಒಮ್ಮೆಲೇ ಮಗುಚಬೇಕು. ಕೆಲಸ ಕೆಡುವುದು ಮುಖ್ಯವಾಗಿ ಎರಡು ಕಡೆ. ಕಾಗದ ಹಾಕದೆ ಪ್ಲಾಸ್ಟರ್ ಹಚ್ಚಿದರೆ ಅದು ಮೂಳೆಗೇ ಅಂಟಿಕೊಂಡು, ಬಿಡಿಸುವಾಗ ಮೇಲ್ಪದರ ಕಿತ್ತು ಬರುತ್ತದೆ. ಹೊದಿಕೆಯ ಅಂಚು ಮೂಳೆಯ ಅಡಿಗೆ ಸಾಕಷ್ಟು ಬಾಗದಿದ್ದರೆ ಮಗುಚುವ ಕ್ಷಣದಲ್ಲಿ ಒಳಗಿನದೆಲ್ಲ ಜಾರಿ ನೆಲಕ್ಕೆ ಸುರಿಯುತ್ತದೆ.

ಮೇಜಿಗೆ ಬಂದ ಮೇಲೆ ಸೂಕ್ಷ್ಮದರ್ಶಕದಡಿ ಏರ್ ಸ್ಕ್ರೈಬ್ ಎನ್ನುವ ಸಾಧನ ಕೆಲಸ ಮಾಡುತ್ತದೆ. ಗಾಳಿಯೊತ್ತಡದಿಂದ ಕಂಪಿಸುವ ಸೂಜಿಯಂಥ ಉಳಿ ಅದು. ಅದರ ಮೊನೆಯನ್ನು ಮೂಳೆಯ ಕಡೆಗೆ ನೇರ ಹಿಡಿಯಬಾರದು, ಮೂಳೆಗೆ ಸಮಾನಾಂತರವಾಗಿ ಹಿಡಿದು ಕಲ್ಲು ತಾನಾಗಿ ಹೊಪ್ಪಳಿಕೆ ಏಳುವಂತೆ ಮಾಡಬೇಕು. ಬಿರುಕು ಬಿಟ್ಟ ಮೂಳೆಗೆ ಪ್ಯಾರಲಾಯ್ಡ್ ಬಿ-72 ಎಂಬ ಪ್ಲಾಸ್ಟಿಕ್ ಹರಳನ್ನು ಅಸಿಟೋನ್‌ನಲ್ಲಿ ಕರಗಿಸಿ ತೊಟ್ಟಿಕ್ಕುತ್ತಾರೆ. ಒಳಗೆ ಇಳಿದು ಗಟ್ಟಿಯಾಗಬೇಕಾದರೆ ನೂರಕ್ಕೆ ಐದರಿಂದ ಹತ್ತು ಪಾಲಿನ ತೆಳು ದ್ರಾವಣ ಬೇಕು. ದಪ್ಪ ದ್ರಾವಣ ಮೇಲೆಯೇ ನಿಂತು ಹೊಳೆಯುವ ಸಿಪ್ಪೆಯಾಗುತ್ತದೆ, ಒಳಗಿನ ಬಿರುಕು ಹಾಗೇ ಉಳಿಯುತ್ತದೆ. ಈ ಅಂಟನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ: ನಾಳೆ ಯಾರಿಗಾದರೂ ಬಿಡಿಸಬೇಕೆನಿಸಿದರೆ ಅಸಿಟೋನ್ ಸವರಿದರೆ ಬಿಟ್ಟುಕೊಳ್ಳುತ್ತದೆ.

2010ರಲ್ಲಿ ಏಳು ವರ್ಷದ ಒಬ್ಬ ಹುಡುಗಿ ಈ ಕೇಂದ್ರದ ಹತ್ತಿರದಲ್ಲೇ ಹಾಪ್ಲೊಫೋನಿಯಸ್‌ನ ತಲೆಬುರುಡೆ ಕಂಡು ಸಿಬ್ಬಂದಿಗೆ ತಿಳಿಸಿದಳು. ಕತ್ತಿಯಂಥ ಕೋರೆಹಲ್ಲಿನ ಈ ಬೇಟೆಗಾರ ನೋಡಲು ಬೆಕ್ಕು. ಆದರೆ ಬೆಕ್ಕಿನ ವಂಶಕ್ಕೆ ಸೇರಿದ್ದಲ್ಲ, ನಿಮ್ರಾವಿಡ್ ಎಂಬ ಬೇರೆಯೇ ವಂಶದ್ದು. ಉದ್ದ ಕೋರೆಯ ಬೇಟೆ ಸಸ್ತನಿಗಳಲ್ಲಿ ಹಲವು ಬಾರಿ ಬೇರೆ ಬೇರೆಯಾಗಿ ಹುಟ್ಟಿ ಅಳಿದಿದೆ.

ಆ ಹುಡುಗಿ ಮಾಡಿದ್ದೇ ಸರಿಯಾದ ಕ್ರಮ. ಏನಾದರೂ ಕಂಡರೆ ಮುಟ್ಟಬಾರದು. ಪಕ್ಕದಲ್ಲಿ ಪೆನ್ನಿಟ್ಟು ಹತ್ತಿರದ ಒಂದು ಫೋಟೋ, ಹಿಂದಿನ ಗುಡ್ಡ ಕಾಣುವಂತೆ ದೂರದ ಒಂದು ಫೋಟೋ, ಫೋನಿನಲ್ಲಿ ಜಿಪಿಎಸ್ ಅಂಕಿ ಬರೆದುಕೊಂಡು ಕೇಂದ್ರದಲ್ಲಿ ಕೊಡಬೇಕು. ದೂರದ ಫೋಟೋವನ್ನು ಹೆಚ್ಚಿನವರು ಮರೆಯುತ್ತಾರೆ. ಒಂದೇ ಥರದ ನೂರು ದಿಬ್ಬಗಳ ನಡುವೆ ಅದಿಲ್ಲದೆ ಜಾಗ ಹುಡುಕುವುದು ಬಹಳ ಕಷ್ಟ. ಮೂಳೆಯನ್ನೇ ಎತ್ತಿ ತಂದರೆ ಅದು ಯಾವ ಪದರದ್ದು ಎಂಬ ವಿಷಯ ಅಲ್ಲಿಗೇ ಕಳೆದುಹೋಗುತ್ತದೆ. ಕಾಲ ತಿಳಿಯದ ಮೂಳೆ ವಿಕಾಸದ ಬಗ್ಗೆ ಹೇಳುವುದು ಅತ್ಯಲ್ಪ. ಮೂಳೆಯೋ ಕಲ್ಲೋ ಎಂಬ ಅನುಮಾನ ಬಂದರೆ ಮುರಿದ ಅಂಚಿಗೆ ಮಸೂರ ಹಿಡಿದು ನೋಡಿ: ಹೊರಗೆ ಒತ್ತಾದ ತೊಗಟೆ, ಒಳಗೆ ಬ್ರೆಡ್ಡಿನಂಥ ಸಣ್ಣ ರಂಧ್ರಗಳಿದ್ದರೆ ಮೂಳೆ.

ಕೊನಾಟ ಎಂಬಲ್ಲಿನ ವಿಶ್ರಾಂತಿ ತಾಣದ ಬಳಿ 1993ರಲ್ಲಿ ಇಬ್ಬರು ಸಂದರ್ಶಕರಿಗೆ ಮಣ್ಣಿನಿಂದ ಎದ್ದಿದ್ದ ದೊಡ್ಡ ಬೆನ್ನುಮೂಳೆ ಕಂಡಿತು. ಹಂದಿಯನ್ನು ಹೋಲುವ ಆರ್ಕಿಯೊಥೀರಿಯಂ ಇರಬೇಕೆಂದು ಅಗೆತಕ್ಕೆ ‘ಪಿಗ್ ಡಿಗ್’ ಎಂದು ಹೆಸರಿಟ್ಟರು. ಬಿಡಿಸಿ ನೋಡಿದರೆ ಅದು ಕೊಂಬಿಲ್ಲದ ಖಡ್ಗಮೃಗ, ಸಬ್‌ಹೈರಕೊಡಾನ್. ಹೆಸರು ಮಾತ್ರ ಉಳಿದುಕೊಂಡಿತು. ಕೆಲವು ದಿನದ ಕೆಲಸವೆಂದು ಶುರುವಾದದ್ದು 2008ರವರೆಗೆ ನಡೆದು 19,000ಕ್ಕೂ ಹೆಚ್ಚು ಮೂಳೆಗಳು ಹೊರಬಂದವು. ಬತ್ತುತ್ತಿದ್ದ ನೀರಿನ ಗುಂಡಿ, ನೀರಿಗಾಗಿ ಇಳಿದು ಕೆಸರಿನಲ್ಲಿ ಹೂತ ಪ್ರಾಣಿಗಳು, ಅವನ್ನು ತಿನ್ನಲು ಬಂದವು. ಈ ಚಿತ್ರ ಮುಂದಿನ ಊರುಗಳಲ್ಲೂ ಮತ್ತೆ ಮತ್ತೆ ಎದುರಾಗುತ್ತದೆ.

ಒಂಟೆಯ ಮೂಲವೂ ಈ ಪದರಗಳಲ್ಲೇ ಇದೆ. 1847ರಲ್ಲಿ ಜೋಸೆಫ್ ಲೈಡಿ ವಿವರಿಸಿದ ಪೊಯೆಬ್ರೊಥೀರಿಯಂ ಕುರಿಯಷ್ಟೇ ದೊಡ್ಡ ಒಂಟೆ, ಡುಬ್ಬವಿಲ್ಲ. ಮಧ್ಯಾಹ್ನದ ಮೇಲೆ ಹೊರಟರೆ ಕತ್ತಲಾಗುವ ಮೊದಲೇ ಹಾಟ್ ಸ್ಪ್ರಿಂಗ್ಸ್ ಊರು ತಲುಪಬಹುದು.

ಮೂರನೇ ದಿನ: ಬಾವಿಯೊಳಗಿನ ಮ್ಯಾಮತ್‌ಗಳು

ಇಲ್ಲಿ ಕಾಲ ಒಮ್ಮೆಲೇ ಮೂರು ಕೋಟಿ ವರ್ಷ ಮುಂದಕ್ಕೆ ನೆಗೆಯುತ್ತದೆ. ರಸ್ತೆಗೆ ಕಾಲಾನುಕ್ರಮ ಗೊತ್ತಿಲ್ಲವಲ್ಲ.

1974ರಲ್ಲಿ ಮನೆ ಕಟ್ಟಲು ಇಲ್ಲಿನ ಒಂದು ದಿಬ್ಬವನ್ನು ಸಮ ಮಾಡುತ್ತಿದ್ದಾಗ ಯಂತ್ರದ ಅಲಗಿಗೆ ದಂತ ಸಿಕ್ಕಿತು. ಈಗ ದಿಬ್ಬದ ಮೇಲೆ ಕಟ್ಟಡವಿದೆ, ಒಳಗೆ ಅಗೆತ ಇನ್ನೂ ನಡೆದಿದೆ. ಇಲ್ಲಿಯವರೆಗೆ ಆನೆಯ ವಂಶದ 61 ಮ್ಯಾಮತ್‌ಗಳು ಎಣಿಕೆಗೆ ಸಿಕ್ಕಿವೆ: 58 ಕೊಲಂಬಿಯನ್, 3 ಉಣ್ಣೆ ಮ್ಯಾಮತ್. ಚದುರಿದ ಮೂಳೆ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಒಂದೇ ಪ್ರಾಣಿಯನ್ನು ಹತ್ತು ಸಲ ಎಣಿಸಿದಂತಾಗುತ್ತದೆ. ಅದಕ್ಕೆ ದಂತಗಳನ್ನು ಎಣಿಸಿ ಎರಡರಿಂದ ಭಾಗಿಸುತ್ತಾರೆ.

ಗುಂಡಿ ಆದದ್ದು ಹೀಗೆ. ಆಳದ ಸುಣ್ಣಕಲ್ಲಿನ ಪದರ ನೀರಿಗೆ ಕರಗಿ ಪೊಳ್ಳಾಯಿತು, ಮೇಲಿನ ಕೆಂಪು ಶೇಲ್ ಕುಸಿಯಿತು. ಸುಮಾರು 37 ಮೀಟರ್‌ಗೆ 46 ಮೀಟರ್ ಅಗಲ, 20 ಮೀಟರ್‌ಗೂ ಮಿಕ್ಕಿ ಆಳ. ಕುಸಿದ ದಾರಿಯಲ್ಲೇ ಬೆಚ್ಚಗಿನ ಊಟೆ ನೀರು ಮೇಲೇರಿ ಕೊಳವಾಯಿತು. ಚಳಿಗಾಲದಲ್ಲೂ ಅಂಚಿನಲ್ಲಿ ಹಸಿರು ಹುಲ್ಲು. ಇಳಿದವನಿಗೆ ಒದ್ದೆ ಶೇಲ್‌ನ ಇಳಿಜಾರು ಸಾಬೂನಿನಷ್ಟು ನುಣುಪು. ಕಂಬದಂಥ ಕಾಲಿನ ಭಾರದ ಪ್ರಾಣಿಗೆ ಅದನ್ನು ಹತ್ತಲಾಗಲಿಲ್ಲ. ನೂರಾರು ವರ್ಷಗಳಲ್ಲಿ ಗುಂಡಿ ಹೂಳಿನಿಂದ ತುಂಬಿತು. ಆಮೇಲಿನದು ಇನ್ನೂ ಸೊಗಸು: ಒಳಗೆ ತುಂಬಿದ ಹೂಳು ಸುತ್ತಲಿನ ಶೇಲ್‌ಗಿಂತ ಗಟ್ಟಿಯಾಗಿತ್ತು. ಸುತ್ತಲಿನದು ಸವೆದು ತಗ್ಗಾಯಿತು, ಗುಂಡಿಯಿದ್ದ ಜಾಗ ದಿಬ್ಬವಾಗಿ ಉಳಿಯಿತು.

ಸಿಕ್ಕವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಎಳೆ ವಯಸ್ಸಿನ ಗಂಡುಗಳು. ಗಂಡೋ ಹೆಣ್ಣೋ ಎಂದು ಸೊಂಟದ ಮೂಳೆ ಹೇಳುತ್ತದೆ: ಹೆರಿಗೆಯ ದಾರಿ ಅಗಲವಿದ್ದು ಪಕ್ಕದ ಮೂಳೆ ಸಪುರವಿದ್ದರೆ ಹೆಣ್ಣು. ಇಂದಿನ ಆನೆಗಳಲ್ಲಿ ಹೆಣ್ಣುಗಳ ಹಿಂಡು ಬೆಳೆದ ಗಂಡನ್ನು ಹೊರಗಟ್ಟುತ್ತದೆ. ಒಂಟಿಯಾಗಿ ಅಲೆಯುವ, ಹಿರಿಯರ ತಿಳಿವಳಿಕೆ ಜೊತೆಗಿಲ್ಲದ ಹುಡುಗರೇ ಇಂಥ ಕಡೆ ಇಳಿದು ಸಿಕ್ಕಿಬೀಳುತ್ತಾರೆ. ಮ್ಯಾಮತ್‌ಗಳ ಸಂಸಾರ ಹೇಗಿತ್ತೆಂದು ಒಂದು ಗುಂಡಿಯಿಂದ ತಿಳಿಯುವುದೆಂದರೆ ಸಣ್ಣ ಮಾತಲ್ಲ. ವಯಸ್ಸು ಹಲ್ಲಿನಿಂದ ತಿಳಿಯುತ್ತದೆ. ಆನೆ ವಂಶಕ್ಕೆ ಜೀವಮಾನದಲ್ಲಿ ಆರು ಸರದಿ ದವಡೆಹಲ್ಲು, ಹಿಂದಿನಿಂದ ಮುಂದಕ್ಕೆ ಜರುಗುತ್ತ ಬರುತ್ತವೆ. ಎಷ್ಟನೆಯ ಸರದಿ, ಎಷ್ಟು ಸವೆದಿದೆ ಎಂದು ನೋಡಿ ಆಫ್ರಿಕಾದ ಆನೆಯ ವಯಸ್ಸಿಗೆ ಹೋಲಿಸುತ್ತಾರೆ.

ಇಲ್ಲಿನ ಮೂಳೆ ಕಲ್ಲಾಗಿಲ್ಲ ಎಂಬುದನ್ನು ಗಮನಿಸಬೇಕು. ಒಣಗಿದ ಮೂಳೆಯಾಗಿಯೇ ಉಳಿದಿದೆ, ಬಹಳ ನಾಜೂಕು. ಆದ್ದರಿಂದಲೇ ಹೆಚ್ಚಿನದನ್ನು ಬಿದ್ದಲ್ಲೇ ಬಿಟ್ಟು ಸೂರು ಕಟ್ಟಿದ್ದಾರೆ. ಹಳೆಯ ಪುಸ್ತಕಗಳಲ್ಲಿ ಈ ಜಾಗದ ವಯಸ್ಸು 26,000 ವರ್ಷ ಎಂದಿರುತ್ತದೆ. ಈಚಿನ ಅಳತೆ ಸುಮಾರು 1,40,000 ವರ್ಷ.

ಮಧ್ಯಾಹ್ನ ದಕ್ಷಿಣಕ್ಕೆ ನೆಬ್ರಾಸ್ಕದ ಗಡಿ ದಾಟಿ ಕ್ರಾಫರ್ಡ್ ಊರಿಗೆ. ಪಕ್ಕದ ಫೋರ್ಟ್ ರಾಬಿನ್ಸನ್‌ನ ಟ್ರೇಲ್‌ಸೈಡ್ ಮ್ಯೂಸಿಯಂನಲ್ಲಿ 1962ರಲ್ಲಿ ಸಿಕ್ಕ ಎರಡು ಗಂಡು ಮ್ಯಾಮತ್‌ಗಳಿವೆ, ಕಾದಾಡುತ್ತ ದಂತ ಸಿಕ್ಕಿಹಾಕಿಕೊಂಡು ಜೊತೆಯಾಗಿ ಸತ್ತವು. ದಂತಗಳನ್ನು ಹತ್ತಿರದಿಂದ ನೋಡಿ: ಎರಡಕ್ಕೂ ಒಂದೊಂದು ದಂತ ಮೊದಲೇ ಮುರಿದು ಮೋಟಾಗಿತ್ತು. ಎರಡೂ ದಂತ ಉದ್ದವಿದ್ದರೆ ಅಷ್ಟು ಒತ್ತೊತ್ತಾಗಿ ಬರಲು ಆಗುತ್ತಲೇ ಇರಲಿಲ್ಲ.

ನಾಲ್ಕನೇ ದಿನ: ಸೈತಾನನ ತಿರುಪು

ಬೆಳಗಿನ ತಂಪಿನಲ್ಲಿ ಟೋಡ್‌ಸ್ಟೂಲ್ ಭೂವೈಜ್ಞಾನಿಕ ಉದ್ಯಾನ. ಒಂದು ಮೈಲಿಯ ಸುತ್ತು. ಗಟ್ಟಿ ಮರಳುಗಲ್ಲು ಟೋಪಿಯಂತೆ ಮೇಲೆ, ಸವೆದ ಜೇಡಿಮಣ್ಣಿನ ಕಾಂಡ ಕೆಳಗೆ, ಅಣಬೆಯ ಆಕಾರ. ಬ್ಯಾಡ್‌ಲ್ಯಾಂಡ್ಸ್‌ನದೇ ಪದರಗಳು. ಇಲ್ಲಿ ನೋಡಬೇಕಾದ್ದು ಹಳೆಯ ನದಿಪಾತ್ರದ ಕಲ್ಲಿನ ಮೇಲೆ ಉಳಿದ ಖಡ್ಗಮೃಗ ಮುಂತಾದವುಗಳ ಹೆಜ್ಜೆ ಗುರುತು. ನೆತ್ತಿಬಿಸಿಲಿನಲ್ಲಿ ಅವು ಕಾಣುವುದಿಲ್ಲ, ಬೆಳಗಿನ ಓರೆ ಬೆಳಕು ಬೇಕು. ಮಳೆ ಬಂದಿದ್ದರೆ ಈ ಕಡೆ ಬರಲೇಬೇಡಿ. ಕಚ್ಚಾ ರಸ್ತೆಯ ಜೇಡಿ ಚಕ್ರಕ್ಕೆ ಮೆತ್ತಿ ಕಾರು ಅಲ್ಲೇ ಹೂತುಕೊಳ್ಳುತ್ತದೆ.

ಅಲ್ಲಿಂದ ಹ್ಯಾರಿಸನ್ ಊರು, ಅಲ್ಲಿಂದ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿ ನಯೋಬ್ರಾರ ನದಿಯ ದಡದ ಅಗೇಟ್ ಫಾಸಿಲ್ ಬೆಡ್ಸ್. ಕಾಲ ಸುಮಾರು 2 ಕೋಟಿ ವರ್ಷದ ಹಿಂದಿನದು.

ಮೊದಲು ಡೀಮೊನೆಲಿಕ್ಸ್ ದಾರಿಯಲ್ಲಿ ನಡೆಯಿರಿ, ಇದೂ ಒಂದು ಮೈಲಿ. ಗುಡ್ಡದ ಬದಿಯಲ್ಲಿ ಮನುಷ್ಯನಿಗಿಂತ ಎತ್ತರದ, ಬಾಟಲಿಯ ಬಿರಡೆ ತೆಗೆಯುವ ತಿರುಪಿನಂಥ ಕಲ್ಲಿನ ಸುರುಳಿ ನೆಟ್ಟಗೆ ನಿಂತಿದೆ. ಇದೇ ಡೀಮೊನೆಲಿಕ್ಸ್, ಅಂದರೆ ಸೈತಾನನ ತಿರುಪು. 1890ರ ದಶಕದ ಆರಂಭದಲ್ಲಿ ನೆಬ್ರಾಸ್ಕದ ಅರ್ವಿನ್ ಬಾರ್ಬರ್ ಇದನ್ನು ಮೊದಲು ಸಿಹಿನೀರಿನ ಸ್ಪಂಜು, ಆಮೇಲೆ ಗಿಡ ಎಂದ. ಅವನ ಬಳಿ ಪುರಾವೆ ಇತ್ತು: ಸುರುಳಿಯ ಗೋಡೆಯನ್ನು ತೆಳುವಾಗಿ ಕೊಯ್ದು ನೋಡಿದರೆ ಸಸ್ಯದ ಜೀವಕೋಶಗಳು ನಿಜಕ್ಕೂ ಕಾಣುತ್ತಿದ್ದವು. 1893ರಲ್ಲಿ ಎಡ್ವರ್ಡ್ ಕೋಪ್ ಮತ್ತು ಥಿಯೋಡರ್ ಫುಕ್ಸ್ ಇದು ದಂಶಕ ಪ್ರಾಣಿಯ ಬಿಲ ಎಂದರು. ಒಳಗೆ ಪೇಲಿಯೊಕ್ಯಾಸ್ಟರ್ ಎಂಬ ಪುಟ್ಟ ನೆಲವಾಸಿ ಬೀವರ್‌ನ ಅಸ್ಥಿಪಂಜರಗಳು ಸಿಕ್ಕಿದ್ದವು. ವಾದ ತೀರ್ಮಾನವಾದದ್ದು 1977ರಲ್ಲಿ. ಲ್ಯಾರಿ ಮಾರ್ಟಿನ್ ಮತ್ತು ಡೆಬ್ ಬೆನೆಟ್ ಗೋಡೆಯ ಗೀರುಗಳನ್ನು ನೋಡಿ, ಅವುಗಳ ಅಗಲ ಬೀವರ್‌ನ ಬಾಚಿಹಲ್ಲಿಗೆ ಹೊಂದುತ್ತದೆಂದು ತೋರಿಸಿದರು. ಪ್ರಾಣಿ ತೋಡಿದ್ದು ಮುಖ್ಯವಾಗಿ ಉಗುರಿನಿಂದಲ್ಲ, ಹಲ್ಲಿನಿಂದ. ತಲೆಯನ್ನು ಒಂದೇ ಕಡೆಗೆ ಓರೆ ಮಾಡಿ ಹೊಡೆತದ ಮೇಲೆ ಹೊಡೆತ ಹಾಕುತ್ತ ಕೆಳಗಿಳಿದರೆ ದಾರಿ ತಾನೇ ಸುರುಳಿಯಾಗುತ್ತದೆ. ಕೆಲವು ಬಲಕ್ಕೆ ಸುತ್ತಿವೆ, ಕೆಲವು ಎಡಕ್ಕೆ. ಬಾರ್ಬರ್ ಕಂಡ ಗಿಡದ ಭಾಗ ಸುಳ್ಳಾಗಿರಲಿಲ್ಲ. ಬಿಲದ ತೇವ ಹುಡುಕಿ ಸುತ್ತಲಿನ ಗಿಡಗಳ ಬೇರು ಗೋಡೆಗೆ ನುಗ್ಗಿದ್ದವು, ಬೂದಿ ಬೆರೆತ ಮಣ್ಣಿನ ಸಿಲಿಕಾ ಅವನ್ನು ಕಲ್ಲಾಗಿಸಿತ್ತು. ಸರಿಯಾದ ಸಾಕ್ಷ್ಯದಿಂದ ತಪ್ಪು ತೀರ್ಮಾನಕ್ಕೆ ಬಂದದ್ದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ.

ಸಂದರ್ಶಕರ ಕೇಂದ್ರದಿಂದ ಹೋಗಿ ಬರಲು 2.7 ಮೈಲಿಯ ಹಾದಿ ಎರಡು ಗುಡ್ಡಗಳ ಕಡೆ ಹೋಗುತ್ತದೆ: ಕಾರ್ನೆಗಿ ಹಿಲ್ ಮತ್ತು ಯೂನಿವರ್ಸಿಟಿ ಹಿಲ್. 1904ರಿಂದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮ್ಯೂಸಿಯಂನ ಓಲಾಫ್ ಪೀಟರ್ಸನ್ ತಂಡ ಇಲ್ಲಿ ಅಗೆಯಿತು. ನೆರಳಿಲ್ಲ, ಗಿಲಕಿ ಹಾವುಗಳಿವೆ, ಹಾದಿ ಬಿಟ್ಟು ಹುಲ್ಲಿಗೆ ಕಾಲಿಡಬಾರದು. ಗುಡ್ಡದಲ್ಲಿ ಸಿಕ್ಕ ಮೂಳೆಗಳಲ್ಲಿ ಬಹುಪಾಲು ಮೆನೊಸೆರಸ್ ಎಂಬ ಪುಟ್ಟ ಖಡ್ಗಮೃಗದ್ದು. ಗಂಡಿಗೆ ಮೂಗಿನ ತುದಿಯಲ್ಲಿ ಅಕ್ಕಪಕ್ಕ ಎರಡು ಕೊಂಬು. ಬರಗಾಲದಲ್ಲಿ ನೀರು ಬಿಟ್ಟು ದೂರ ಹೋಗಲಾಗದೆ, ಹತ್ತಿರದ ಮೇವೆಲ್ಲ ಮುಗಿದು ಸತ್ತವು.

ಕೇಂದ್ರದೊಳಗಿನ ಮೊರೋಪಸ್ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕುದುರೆಯಂಥ ತಲೆ, ಕುದುರೆ ಮತ್ತು ಖಡ್ಗಮೃಗಗಳ ನೆಂಟ, ಆದರೆ ಕಾಲಿಗೆ ಗೊರಸಿನ ಬದಲು ದೊಡ್ಡ ಉಗುರು. ಕೊಂಬೆ ಬಗ್ಗಿಸಿ ಎಲೆ ತಿನ್ನಲು ಅದು ಬೇಕಿತ್ತು. ಪಕ್ಕದಲ್ಲಿ ಡೇಯೊಡಾನ್, ಸುಮಾರು 90 ಸೆಂ.ಮೀ. ಉದ್ದದ ತಲೆಬುರುಡೆಯ, ಮೂಳೆ ಜಗಿಯಬಲ್ಲ ಪ್ರಾಣಿ. ಪೀಟರ್ಸನ್ 1905ರಲ್ಲಿ ಇದಕ್ಕೆ ಡೈನೊಹಯಸ್ ಎಂದು ಹೆಸರಿಟ್ಟಿದ್ದರಿಂದ ಹಳೆಯ ಪುಸ್ತಕಗಳಲ್ಲಿ ಆ ಹೆಸರೇ ಇರುತ್ತದೆ. ಒಂಟೆಯ ಕಡೆಯಿಂದ ಸ್ಟೆನೊಮೈಲಸ್, ಜಿಂಕೆಯಂತೆ ಸಪುರ ಕಾಲಿನದು. ಹತ್ತಿರದ ಒಂದು ಗಣಿಯಲ್ಲಿ ಇವು ಹಿಂಡಾಗಿ ಸಿಕ್ಕವು.

ಐದನೇ ದಿನ: ಹೆದ್ದಾರಿ 20

ಇಡೀ ದಿನ ಪೂರ್ವಕ್ಕೆ ಪ್ರಯಾಣ, ಚಾಡ್ರನ್, ವ್ಯಾಲೆಂಟೈನ್, ಓನೀಲ್ ದಾಟಿ. ದಾರಿಯಲ್ಲಿ ಸಮಯ ವಲಯ ಬದಲಾಗಿ ಒಂದು ಗಂಟೆ ಕಳೆದುಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಪೆಟ್ರೋಲ್ ಬಂಕ್ ಕಂಡಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಬೇಕು. ಕಿಟಕಿಯಾಚೆಗಿನ ಹುಲ್ಲನ್ನು ನೋಡುತ್ತ ಹೋದರೆ ನಾಳೆಯ ವಿಷಯಕ್ಕೆ ಪೀಠಿಕೆಯಾಗುತ್ತದೆ. ಹುಲ್ಲಿನ ಎಲೆಯಲ್ಲಿ ಗಾಜಿನಂಥ ಸಿಲಿಕಾ ಕಣಗಳಿವೆ, ನೆಲಕ್ಕೆ ಬಾಯಿ ಹಾಕಿ ಮೇದರೆ ಮಣ್ಣೂ ಸೇರುತ್ತದೆ. ಗಿಡ್ಡ ಹಲ್ಲಿನ ಪ್ರಾಣಿ ಇದನ್ನೇ ತಿಂದರೆ ಮಧ್ಯವಯಸ್ಸಿಗೆ ಬೋಳುಬಾಯಿಯಾಗುತ್ತದೆ. ದವಡೆಯೊಳಗೆ ಉದ್ದಕ್ಕೆ ಹುದುಗಿದ್ದು, ಸವೆದಂತೆ ಮೇಲೆ ಬರುವ ಹಲ್ಲಿದ್ದ ಕುದುರೆಗಳು ಬಯಲಿಗೆ ಇಳಿದವು.

ಆರನೇ ದಿನ: ಬೂದಿಯಲ್ಲಿ ನಿದ್ದೆ ಹೋದಂತೆ

ರಾಯಲ್ ಎಂಬ ಸಣ್ಣ ಊರಿನ ಹತ್ತಿರದ ಆಶ್‌ಫಾಲ್ ಈ ಪ್ರವಾಸದ ಶಿಖರ. ಇದಕ್ಕೆ ಅರ್ಧ ದಿನಕ್ಕಿಂತ ಕಡಿಮೆ ಇಟ್ಟರೆ ಅನ್ಯಾಯ. 1971ರಲ್ಲಿ ಮೈಕ್ ವೂರ್ಹೀಸ್ ಜೋಳದ ಹೊಲದ ಅಂಚಿನ ಕೊರಕಲಿನಲ್ಲಿ ಮರಿ ಖಡ್ಗಮೃಗದ ತಲೆಬುರುಡೆ ಕಂಡ. 1978–79ರ ಅಗೆತದಲ್ಲಿ ಒಂದರ ಪಕ್ಕ ಒಂದು ಇಡೀ ಅಸ್ಥಿಪಂಜರಗಳೇ ಬಂದವು. ಈಗ ಅವುಗಳ ಮೇಲೆ ‘ರೈನೊ ಬಾರ್ನ್’ ಎಂಬ ದೊಡ್ಡ ಕೊಟ್ಟಿಗೆಯಂಥ ಸೂರಿದೆ.

ಬೂದಿ ಬಂದದ್ದು ಸುಮಾರು 1,600 ಕಿ.ಮೀ. ದೂರದ ಐಡಹೊದಿಂದ. ಇಂದಿನ ಯೆಲ್ಲೊಸ್ಟೋನ್‌ನ ಅಡಿಯಲ್ಲಿರುವ, ಶಿಲಾರಸ ಮೇಲೇರುವ ಬಿಸಿ ತಾಣವೇ 1.18 ಕೋಟಿ ವರ್ಷಗಳ ಹಿಂದೆ ಅಲ್ಲಿ ಸಿಡಿದಿತ್ತು. ಹಳೆಯ ಬರಹಗಳಲ್ಲಿ 1 ಕೋಟಿ ಎಂದಿರುವುದು ತಿದ್ದುಪಡಿಗೆ ಮೊದಲಿನ ಅಂಕಿ. ಬಯಲಿನ ಮೇಲೆ ಬಿದ್ದ ಬೂದಿಯನ್ನು ಗಾಳಿ ಗುಡಿಸಿ ನೀರಿನ ಗುಂಡಿಗೆ ತುಂಬಿತು, ಅಲ್ಲಿ 3 ಮೀಟರ್‌ವರೆಗೂ ಶೇಖರವಾಯಿತು. ಈ ಬೂದಿಯನ್ನು ಮಸೂರದಡಿ ನೋಡಿದರೆ ಒಲೆಯ ಬೂದಿಯಂತಿಲ್ಲ. ಒಡೆದ ಬಲ್ಬಿನ ಚೂರುಗಳಂತೆ ಬಾಗಿದ, ಚೂಪಾದ ಗಾಜಿನ ಸಿಪ್ಪೆಗಳು. ಅದನ್ನು ಉಸಿರಾಡಿದರೆ ಶ್ವಾಸಕೋಶ ಏನಾಗಬಹುದೆಂದು ಬೇರೆ ಹೇಳಬೇಕಿಲ್ಲ.

ಸತ್ತ ಕ್ರಮ ಪದರದಲ್ಲೇ ಬರೆದಿದೆ. ತೀರಾ ಅಡಿಯಲ್ಲಿ, ಗುಂಡಿಯ ತಳದ ಮರಳಿನ ಮೇಲೆ, ಆಮೆಗಳು ಮತ್ತು ಹಕ್ಕಿಗಳು. ಅದರ ಮೇಲೆ ಕೋರೆಯಿರುವ ಪುಟ್ಟ ಜಿಂಕೆಯಂಥವು. ಅದರ ಮೇಲೆ ಕುದುರೆಗಳು, ಒಂಟೆಗಳು. ಎಲ್ಲಕ್ಕಿಂತ ಮೇಲೆ ಟೆಲಿಯೊಸೆರಸ್, ಪೀಪಾಯಿಯಂಥ ಮೈ ಮತ್ತು ಮೋಟು ಕಾಲಿನ ಖಡ್ಗಮೃಗ, ನೂರಕ್ಕೂ ಹೆಚ್ಚು. ಸಣ್ಣ ಶ್ವಾಸಕೋಶದವು ಬೇಗ ಸತ್ತವು, ದೊಡ್ಡವು ಕೆಲವು ವಾರ ನರಳಿದವು. ನರಳಿದ್ದಕ್ಕೆ ಸಾಕ್ಷಿ ಮೂಳೆಯ ಮೇಲೇ ಇದೆ. ಆರೋಗ್ಯವಂತ ಕಾಲುಮೂಳೆ ದಂತದಂತೆ ನುಣುಪಾಗಿರುತ್ತದೆ. ಇಲ್ಲಿನ ಕಾಲು, ದವಡೆ, ಪಕ್ಕೆಲುಬುಗಳ ಮೇಲೆ ಹೊಸದಾಗಿ ಹುಟ್ಟಿದ ಒರಟು, ರಂಧ್ರಮಯ ಮೂಳೆಯ ತೇಪೆಗಳಿವೆ. ಶ್ವಾಸಕೋಶ ಕೆಟ್ಟ ಪ್ರಾಣಿಗಳಲ್ಲಿ, ಮನುಷ್ಯರಲ್ಲೂ, ಇಂದಿಗೂ ಕಾಣುವ ಕಾಯಿಲೆ ಅದು. ಜ್ವರದಲ್ಲಿ ನೀರಿಗೆ ಬಂದು ಅಲ್ಲೇ ಮಲಗಿದವು.

ಬೂದಿ ಮೆತ್ತಗೆ ಸುತ್ತಿಕೊಂಡಿದ್ದರಿಂದ ಮೂಳೆಗಳು ಚಪ್ಪಟೆಯಾಗಿಲ್ಲ, ಜೋಡಣೆ ಕದಲಿಲ್ಲ. ತಾಯಿಯ ಮಗ್ಗುಲಿಗೆ ಒತ್ತಿಕೊಂಡ ಮರಿ, ಹೊಟ್ಟೆಯೊಳಗಿನ ಹುಟ್ಟದ ಮರಿ, ಗಂಟಲ ಬಳಿ ಕೊನೆಯ ತುತ್ತಿನ ಹುಲ್ಲಿನ ಬೀಜ. ಬಲಿತ ಗಂಡುಗಳು ಕಡಿಮೆ, ಹೆಣ್ಣು ಮತ್ತು ಮರಿಗಳು ಹೆಚ್ಚು. ಮರಿಗಳ ವಯಸ್ಸು ಒಂದೊಂದು ವರ್ಷದ ಅಂತರದಲ್ಲಿ ಗುಂಪಾಗಿದೆ, ಅಂದರೆ ವರ್ಷದ ಒಂದೇ ಋತುವಿನಲ್ಲಿ ಈಯುತ್ತಿದ್ದವು. ಕಾಲುದಾರಿಯಲ್ಲಿ ನಿಂತು ಒಂದೊಂದನ್ನೇ ಎಣಿಸುತ್ತ ಹೋದಾಗ ಇದು ಪ್ರದರ್ಶನ ಎಂಬುದು ಮರೆತು ಮನಸ್ಸು ಭಾರವಾಗುತ್ತದೆ.

ಮೊದಲ ದಿನ ಬರೆದುಕೊಂಡ ಬೆರಳಿನ ಲೆಕ್ಕವನ್ನು ಈಗ ತೆಗೆಯಿರಿ. ಇಲ್ಲಿ ಐದು ಬಗೆಯ ಕುದುರೆಗಳಿವೆ, ಎಲ್ಲವೂ ಒಂದೇ ಗುಂಡಿಯ ನೀರು ಕುಡಿದವು. ಕೆಲವಕ್ಕೆ ಮೂರು ಬೆರಳು, ಪ್ಲಿಯೊಹಿಪ್ಪಸ್‌ಗೆ ಒಂದೇ ಗೊರಸು. ಮೂರು ಬೆರಳಿನ ಕುದುರೆ ‘ಹಳೆಯದು’, ಒಂದು ಬೆರಳಿನದು ‘ಹೊಸದು’ ಎಂದು ಮೆಟ್ಟಿಲಿನಂತೆ ಜೋಡಿಸಿದ ಶಾಲಾ ಚಿತ್ರ ಇಲ್ಲಿ ನಿಲ್ಲುವುದಿಲ್ಲ. ಅದು ಪೊದೆಯಂತೆ ಕವಲೊಡೆದ ವಂಶ. ಹಲವು ಕವಲು ಲಕ್ಷಾಂತರ ವರ್ಷ ಒಟ್ಟಿಗೆ ಚೆನ್ನಾಗಿಯೇ ಬಾಳಿ ಬೇರೆ ಬೇರೆ ಹೊತ್ತಿನಲ್ಲಿ ಒಣಗಿದವು.

ಏಳನೇ ದಿನ: ಲಿಂಕನ್

ಸುಮಾರು ಮೂರು ಗಂಟೆಯ ದಾರಿ. ನೆಬ್ರಾಸ್ಕ ವಿಶ್ವವಿದ್ಯಾಲಯದ ಮಾರಿಲ್ ಹಾಲ್‌ನಲ್ಲಿ ಆನೆಗಳ ಅಂಗಳವೇ ಇದೆ. ‘ಆರ್ಚಿ’ ಎಂಬ ಕೊಲಂಬಿಯನ್ ಮ್ಯಾಮತ್ ಸುಮಾರು 4.3 ಮೀಟರ್ ಎತ್ತರ. 1922ರಲ್ಲಿ ಲಿಂಕನ್ ಕೌಂಟಿಯ ಒಂದು ಹೊಲಮನೆಯಲ್ಲಿ ಕೋಳಿಗಳು ಕುಕ್ಕುತ್ತಿದ್ದ ಮೂಳೆಯಿಂದ ಪತ್ತೆಯಾದದ್ದು. ಲಿಂಕನ್ ಕೌಂಟಿ ಲಿಂಕನ್ ನಗರದ ಹತ್ತಿರವಿಲ್ಲ, ರಾಜ್ಯದ ಪಶ್ಚಿಮ ಭಾಗದಲ್ಲಿದೆ, ಹೆಸರು ನೋಡಿ ಮೋಸಹೋಗಬೇಡಿ. ಸಲಿಕೆಯಂಥ ಕೆಳದಂತದ ಅಮೆಬೆಲೊಡಾನ್‌ಗೆ ಹೆಸರಿಟ್ಟವನು ತಿರುಪಿನ ಸುರುಳಿಯನ್ನು ಗಿಡವೆಂದ ಅದೇ ಬಾರ್ಬರ್, 1927ರಲ್ಲಿ. ಅದು ಕೆಸರು ತೋಡುತ್ತಿತ್ತೆಂದು ಬಹಳ ಕಾಲ ನಂಬಿದ್ದರು. ದಂತದ ಸವೆತದ ಗೀರುಗಳನ್ನು ನೋಡಿದ ಮೇಲೆ ತೊಗಟೆ ಸುಲಿಯುವುದಕ್ಕೂ ಬಳಸುತ್ತಿತ್ತೆಂದು ತಿಳಿಯಿತು.

ಇಲ್ಲಿ ಮ್ಯಾಸ್ಟೊಡಾನ್ ಮತ್ತು ಮ್ಯಾಮತ್ ಹಲ್ಲುಗಳನ್ನು ಹೋಲಿಸಿ ನೋಡಬೇಕು. ಮ್ಯಾಸ್ಟೊಡಾನ್‌ನದು ಗುಬ್ಬಿಗುಬ್ಬಿಯಾದ ಹಲ್ಲು, ಕೊಂಬೆ ಎಲೆ ಅರೆಯಲು. ಮ್ಯಾಮತ್‌ನದು ತೆಳು ತಟ್ಟೆಗಳನ್ನು ಸಾಲಾಗಿ ಒತ್ತಿ ನಿಲ್ಲಿಸಿದ ಅರದಂಥ ಹಲ್ಲು, ಹುಲ್ಲಿಗೆ. ಕುದುರೆ ಹಲ್ಲನ್ನು ಎತ್ತರಿಸಿಕೊಂಡು ಕಂಡುಕೊಂಡ ಉಪಾಯವನ್ನೇ ಆನೆಯ ವಂಶ ತಟ್ಟೆಗಳನ್ನು ಹೆಚ್ಚಿಸಿಕೊಂಡು ಕಂಡುಕೊಂಡಿತು.

ಖಡ್ಗಮೃಗಗಳು ಈ ಖಂಡದಲ್ಲಿ ಸುಮಾರು 50 ಲಕ್ಷ ವರ್ಷಗಳ ಹಿಂದೆ ಮುಗಿದವು. ಒಂಟೆಗಳ ಒಂದು ಕವಲು ಅದಕ್ಕೆ ಮೊದಲೇ ಬೆರಿಂಗ್ ನೆಲಸೇತುವೆ ದಾಟಿ ಏಷ್ಯಾಕ್ಕೆ ಹೋಗಿತ್ತು, ಇನ್ನೊಂದು ಕವಲು ಆಮೇಲೆ ದಕ್ಷಿಣ ಅಮೆರಿಕಕ್ಕೆ ಇಳಿದು ಲಾಮಾ ಆಯಿತು. ಇಲ್ಲೇ ಉಳಿದ ಒಂಟೆ, ಕುದುರೆ, ಮ್ಯಾಮತ್ ಮೂರೂ ಹಿಮಯುಗದ ಕೊನೆಯಲ್ಲಿ, ಹವೆ ಬೆಚ್ಚಗಾಗಿ ಬೇಟೆಗಾರ ಮನುಷ್ಯರು ಹರಡಿದ ಹೊತ್ತಿನಲ್ಲಿ, ಹೆಚ್ಚುಕಡಿಮೆ ಒಟ್ಟಿಗೇ ಕಾಣೆಯಾದವು. ಕುದುರೆ ಮಾತ್ರ 16ನೇ ಶತಮಾನದಲ್ಲಿ ಸ್ಪೇನಿನ ಹಡಗುಗಳಲ್ಲಿ ಮತ್ತೆ ಇಲ್ಲಿಗೆ ಬಂತು, ಒಂದೇ ಗೊರಸಿನ ಕಾಲಿನಲ್ಲಿ.